ಬಿಚ್ಚೋಕೇ ಆಗದ ಇಯರ್‌ಬಡ್ಸ್ ದೊಡ್ಡ ಸಮಸ್ಯೆನಾ, ದಿನಾ ಹೊರಗೆ ಹಾಕೋ ಮನೆ ಕಸ ದೊಡ್ಡ ಸಮಸ್ಯೆನಾ?

ತುಂಗಾತೀರ (ಶಿವಮೊಗ್ಗ)

ಕಿವಿಗೆ ಹಾಕೋ ವೈರಿಲ್ಲದ ಇಯರ್‌ಬಡ್ಸ್, ಸ್ಮಾರ್ಟ್ ವಾಚು, ಟ್ರಿಮ್ಮರ್, ರೀಚಾರ್ಜ್ ಟಾರ್ಚು, ಮಕ್ಕಳ ಲೈಟ್ ಹತ್ತೋ ಆಟಿಕೆ, ಈ ಥರದ ಸಣ್ಣ ಸಾಮಾನೆಲ್ಲ ಈಗ ಕೆಟ್ರೆ ಬಿಸಾಕೋದು ಬಿಟ್ರೆ ಬೇರೆ ದಾರಿನೇ ಇಲ್ದಂಗೆ ಮಾಡಿಟ್ಟಿದಾರೆ. ಸ್ಕ್ರೂ ಇರಲ್ಲ, ಅಂಟು ಹಾಕಿ ಮುಚ್ಚಿರ್ತಾರೆ, ಒಳಗಿರೋ ಬ್ಯಾಟರಿ ಸತ್ರೆ ಇಡೀ ವಸ್ತುನೇ ಸತ್ತಂಗೆ. ನಂಗೆ ಇದು ದೊಡ್ಡ ಅನ್ಯಾಯ ಅನ್ಸುತ್ತೆ. ಆದ್ರೆ ಯಾರ ಹತ್ರ ಹೇಳಿದ್ರೂ ಬರೋ ಉತ್ತರ ಒಂದೇ, ಅದು ಐವತ್ತು ಗ್ರಾಂ ವಸ್ತು ಕಣ್ರೀ, ನಿಮ್ಮನೆ ಅಡುಗೆಮನೆ ಕಸ ದಿನಕ್ಕೆ ಒಂದು ಕೇಜಿ ಹೋಗುತ್ತೆ, ಹಾಲಿನ ಕವರ್ರು ಬಿಸ್ಕೆಟ್ ಕವರ್ರು ಲೆಕ್ಕನೇ ಇಲ್ಲ, ಮೊದ್ಲು ಅದನ್ನ ನೋಡಿ ಅಂತಾರೆ. ತೂಕ ಒಂದನ್ನೇ ನೋಡಿ ಹಿಂಗೆ ತೀರ್ಮಾನ ಮಾಡೋದು ತಪ್ಪು ಅಂತ ನನ್ನ ವಾದ. ಇಲ್ಲಿ ರಿಪೇರಿ ಮಾಡೋರಿದೀರಿ, ಕಸದ ಕೆಲಸ ಮಾಡೋರಿದೀರಿ, ಮೇಷ್ಟ್ರುಗಳಿದೀರಿ, ನಿಮಗೇನನ್ಸುತ್ತೆ ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು (ತುಮಕೂರು)

ತೂಕದ ಲೆಕ್ಕ ಮೊದ್ಲು ಮುಗಿಸಿಬಿಡೋಣ, ಅದನ್ನ ಒಪ್ಪಿಕೊಂಡೇ ಮುಂದೆ ಹೋಗಬೇಕು. ನಾಲ್ಕು ಜನರ ಮನೇಲಿ ದಿನಕ್ಕೆ ಒಂದು ಕೇಜಿ ಹಸಿಕಸ ಅಂತ ಹಿಡಿದ್ರೆ ವರ್ಷಕ್ಕೆ 365 ಕೇಜಿ. ಒಂದು ಜೊತೆ ಇಯರ್‌ಬಡ್ಸ್ ಕೇಸ್ ಸಮೇತ 50 ಗ್ರಾಂ. ಏಳು ಸಾವಿರ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಜಗತ್ತಿನ ಲೆಕ್ಕ ತಗೊಂಡ್ರೂ ಅಷ್ಟೆ, ವಿಶ್ವ ಬ್ಯಾಂಕ್ ಅಂದಾಜಲ್ಲಿ 2016ರಲ್ಲಿ ಊರು ಪಟ್ಟಣಗಳ ಕಸ 201 ಕೋಟಿ ಟನ್, ವಿಶ್ವಸಂಸ್ಥೆ ಕಡೆಯವರ ವರದಿ ಪ್ರಕಾರ 2022ರಲ್ಲಿ ಇ-ತ್ಯಾಜ್ಯ, ಅಂದ್ರೆ ಎಲೆಕ್ಟ್ರಾನಿಕ್ಸ್ ಕಸ, 6.2 ಕೋಟಿ ಟನ್.

ಆದ್ರೆ ಅದೇ ವರದಿಯ ಒಳಗೆ ಇನ್ನೊಂದು ಅಂಕಿ ಇದೆ, ಅದನ್ನ ಜನ ನೋಡಲ್ಲ. ಆ 6.2 ಕೋಟಿ ಟನ್‌ನಲ್ಲಿ ಅತಿ ದೊಡ್ಡ ಪಾಲು ಫ್ರಿಜ್ಜು ಟಿವಿ ಅಲ್ಲ, ಸಣ್ಣ ಉಪಕರಣಗಳದ್ದು, 2 ಕೋಟಿ ಟನ್‌ಗೂ ಮೇಲೆ. ಒಟ್ಟಾರೆ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹ ಆಗಿ ರೀಸೈಕಲ್ ಆಗಿದ್ದಕ್ಕೆ ದಾಖಲೆ ಇರೋದು ಶೇ. 22.3, ಈ ಸಣ್ಣ ಉಪಕರಣಗಳಲ್ಲಿ ಅದು ಶೇ. 12ಕ್ಕೆ ಇಳಿಯುತ್ತೆ. ಅಂದ್ರೆ ಗಾತ್ರ ಸಣ್ಣದಾದಷ್ಟೂ ಕೈತಪ್ಪಿ ಹೋಗೋದು ಜಾಸ್ತಿ. ಫ್ರಿಜ್ ಯಾರೂ ಕಸದ ಬುಟ್ಟಿಗೆ ಹಾಕಕ್ಕಾಗಲ್ಲ, ಇಯರ್‌ಬಡ್ಸ್ ಹಾಕಬಹುದು, ಹಾಕ್ತಾರೆ.

ಕುಡ್ಲದವಳು (ಮಂಗಳೂರು)

ನೀವೆಲ್ಲ ಹೇಳುವುದು ಸರಿ ಉಂಟು, ಆದ್ರೆ ನಮ್ಮ ಪಚ್ಚನಾಡಿ ನೆನಪುಂಟಾ ಮಾರಾಯ್ರೇ? 2019ರ ಆಗಸ್ಟ್ ಮಳೆಗೆ ಡಂಪಿಂಗ್ ಯಾರ್ಡಿನ ಕಸದ ಗುಡ್ಡೆಯೇ ಜಾರಿ ಕೆಳಗಿನ ಮಂದಾರ ಊರಿಗೆ ಬಂತು. ಅಡಿಕೆ ತೋಟ, ತೆಂಗು, ಮನೆ ಅಂತ ನೋಡದೆ ತುಂಬಿಕೊಂಡಿತು. ಎಷ್ಟೋ ವರ್ಷದಿಂದ ಸಾಕಿದ ತೋಟ ಬಿಟ್ಟು ಜನ ಬೇರೆ ಕಡೆ ಹೋಗಿ ಇರಬೇಕಾಯ್ತು. ಅದು ಇಯರ್‌ಬಡ್ಸಿನ ರಾಶಿ ಅಲ್ಲ, ನಮ್ಮ ನಿಮ್ಮ ಮನೆಯ ಮೀನಿನ ಕಸ, ಬಾಳೆಲೆ, ಡಯಾಪರ್, ಪ್ಲಾಸ್ಟಿಕ್ ಎಲ್ಲ ಒಟ್ಟಿಗೆ ಕಟ್ಟಿ ಬಿಸಾಡಿದ್ದು. ಹಾಗಾಗಿ ದಿನದ ಕಸ ಸಣ್ಣ ವಿಷಯ ಅಂತ ಯಾರಾದ್ರೂ ಹೇಳಿದ್ರೆ ನನಗೆ ಕೇಳ್ಲಿಕ್ಕೆ ಆಗುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಆ ಕಸದ ನೀರು ತೋಡಿಗೆ ಬರ್ತದೆ, ಬಾವಿ ಇರುವವರಿಗೆ ಅದು ಎಂತ ಅಂತ ಗೊತ್ತು.

ತುಂಗಾತೀರ

ಅಕ್ಕಾ, ದಿನದ ಕಸ ಸಣ್ಣದು ಅಂತ ನಾನು ಹೇಳ್ತಿಲ್ಲ. ಮಂದಾರದ ಫೋಟೋಗಳು ಇನ್ನೂ ಕಣ್ಣ ಮುಂದಿವೆ. ಬೆಂಗಳೂರಿನ ಮಂಡೂರು, ಮಾವಳ್ಳಿಪುರದ ಜನ ನಮ್ಮೂರಿಗೆ ನಿಮ್ಮ ಕಸ ಬೇಡ ಅಂತ ರಸ್ತೆಗೆ ಇಳಿದಿದ್ದೂ ಇದಕ್ಕೇ. ನಾನು ಕೇಳ್ತಿರೋದು, ಒಂದು ದೊಡ್ಡದಿದೆ ಅಂತ ಇನ್ನೊಂದನ್ನ ಲೆಕ್ಕಕ್ಕೇ ತಗೊಳ್ಳಬಾರದಾ ಅಂತ.

ಲೆಕ್ಕದ ಮೇಷ್ಟ್ರು

ಮಂಗಳೂರಿನ ಸಹೋದರಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹಸಿಕಸ ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿದ್ರೆ ಒಳಗೆ ಗಾಳಿ ಆಡದೆ ಕೊಳೆತು ಮೀಥೇನ್ ಹುಟ್ಟುತ್ತೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಬಿಸಿ ಹಿಡಿದಿಡುತ್ತೆ. ಹಂಗಾಗಿ ಹವಾಮಾನದ ದೃಷ್ಟಿಯಿಂದ ಒಂದು ಮನೆ ನಾಳೆಯಿಂದ ಏನಾದ್ರೂ ಒಂದೇ ಒಂದು ಕೆಲಸ ಮಾಡಬಹುದು ಅಂದ್ರೆ ಹಸಿಕಸ ಬೇರೆ ಮಾಡಿ ಗೊಬ್ಬರ ಮಾಡೋದು. ಇದರಲ್ಲಿ ಎರಡು ಮಾತಿಲ್ಲ.

ಆದ್ರೆ ಅದೇ ಹಸಿಕಸ ಗಾಳಿಯಾಡೋ ಗುಂಡಿಗೆ ಹೋದ್ರೆ ಎರಡು ಮೂರು ತಿಂಗಳಲ್ಲಿ ಮಣ್ಣು. ಇಯರ್‌ಬಡ್ಸಿಗೆ ಅಂಥಾ ಗುಂಡಿ ಯಾವುದೂ ಇಲ್ಲ.

ಬಲ್ಬ್ ರಿಪೇರಿ (ಹುಬ್ಬಳ್ಳಿ)

ನಮಸ್ಕಾರ್ರಿ. ನಂದು ಸಣ್ಣ ಅಂಗಡಿ, ಎಲ್‌ಇಡಿ ಬಲ್ಬು, ಮಿಕ್ಸರು, ಸೊಳ್ಳಿ ಬ್ಯಾಟು, ಹೆಡ್‌ಫೋನು, ಎಮರ್ಜೆನ್ಸಿ ಲೈಟು ಏನ್ ಬಂದ್ರೂ ನೋಡ್ತೇನಿ. ಯಾವುದು ಆಗ್ತೈತಿ ಯಾವುದು ಆಗೂದಿಲ್ಲ ಅನ್ನೂದು ಬಿಡಿಸಿ ಹೇಳ್ತೇನಿ ಕೇಳ್ರಿ, ಯಾಕಂದ್ರ ಸಣ್ಣ ಸಾಮಾನು ಎಲ್ಲಾ ಒಂದ ಅಲ್ಲ.

ಎಲ್‌ಇಡಿ ಬಲ್ಬ್ ತಗೋರಿ. 9 ವ್ಯಾಟಿನ ಬಲ್ಬಿನಾಗ ಒಳಗ ಸಣ್ಣ ಸಣ್ಣ ಎಲ್‌ಇಡಿ ಒಂದರ ಹಿಂದ ಒಂದು ಸಾಲಾಗಿ ಜೋಡಿಸಿರ್ತಾರ, ಅದರಾಗ ಒಂದು ಸುಟ್ಟರೂ ಸಾಲು ಕಡಿದು ಪೂರಾ ಬಲ್ಬ್ ಆರಿ ಹೋಗ್ತೈತಿ. ಮಂದಿ ಬಲ್ಬ್ ಹೋತು ಅಂತ ಒಗೀತಾರ. ಮ್ಯಾಲಿನ ಬಿಳಿ ಟೊಪಗಿ ತಿರುವಿ ತಗದು ಮೀಟರ್ ಹಚ್ಚಿ ನೋಡಿದ್ರ ಸುಟ್ಟಿದ್ದು ಗೊತ್ತಾಗ್ತೈತಿ, ಸುಟ್ಟ ಎಲ್‌ಇಡಿ ಮ್ಯಾಲ ಕರೀ ಚುಕ್ಕಿ ಕಾಣ್ತಿರ್ತೈತಿ. ಅದನ್ನ ತಗದು ಹೊಸಾದು ಹಾಕೂದು, ಇಲ್ಲಾಂದ್ರ ಒಂದೋ ಎರಡೋ ಇದ್ರ ಶಾರ್ಟ್ ಮಾಡಿ ನಡಸೂದು. ಶಾರ್ಟ್ ಮಾಡಿದ್ರ ಉಳಿದವುಕ್ಕ ಭಾರ ಜಾಸ್ತಿ ಬೀಳಬಹುದು, ಬಿಸಿ ಏರಬಹುದು, ಅದನ್ನ ಗಿರಾಕಿಗೆ ಮೊದಲ ಹೇಳಿಬಿಡ್ತೇನಿ. ಮೊದಲಿನ ಬಲ್ಬಿನಾಗ ಎಲ್‌ಇಡಿಗೆ ಬೇಕಾದಷ್ಟ ಕರೆಂಟ್ ಕೊಡೂ ಡ್ರೈವರ್ ಬೋರ್ಡ್ ಬ್ಯಾರೆ ಇರ್ತಿತ್ತು, ಅದರಾಗಿನ ಕೆಪಾಸಿಟರ್ ಒಣಗಿದ್ರ ಅದೊಂದ ಬದಲಿ ಮಾಡಿದ್ರ ಸಾಕಿತ್ತು. ಈಗ ರೊಕ್ಕ ಉಳಸಾಕ ಡ್ರೈವರ್ರೂ ಎಲ್‌ಇಡಿನೂ ಒಂದ ತಗಡಿನ ಮ್ಯಾಲ ಕೂಡಿಸಿಬಿಟ್ಟಾರ. ಕೆಲಸ ಕಷ್ಟ ಆದ್ರೂ ಇನ್ನೂ ಆಗ್ತೈತಿ.

ಸೊಳ್ಳಿ ಬ್ಯಾಟು. ಹಳೇ ಮಾಡೆಲ್‌ನಾಗ ಇರೂದು 4 ವೋಲ್ಟಿನ ಸಣ್ಣ ಲೆಡ್ ಆ್ಯಸಿಡ್ ಬ್ಯಾಟರಿ. ಪೂರಾ ಖಾಲಿ ಮಾಡಿ ಮೂಲ್ಯಾಗ ಇಟ್ಟು ಮಳೆಗಾಲಕ್ಕ ಹೊಳ್ಳಿ ತಗದ್ರ ಅದು ಚಾರ್ಜ್ ಹಿಡಿಯೂದಿಲ್ಲ, ಒಳಗ ಸಲ್ಫೇಟ್ ಕಟ್ಟಿರ್ತೈತಿ. ಬ್ಯಾಟರಿ ಬದಲಿ ಮಾಡಿದ್ರ ಮುಗೀತು, ನಾಕು ಸ್ಕ್ರೂ ಕೆಲಸ.

ನೆಕ್‌ಬ್ಯಾಂಡ್, ಕೊರಳಾಗ ಹಾಕ್ಕೊಳ್ಳೂದು, ಅದೂ ಆಗ್ತೈತ್ರಿ. ಚಪ್ಪಟಿ ಬ್ಯಾಟರಿ, ಎರಡು ವೈರು, ಬೆಸುಗಿ ಬಿಚ್ಚು, ಹೊಸಾದು ಹಚ್ಚು.

ಇನ್ನ ನೀವು ಹೇಳೂ ಇಯರ್‌ಬಡ್ಸ್. ಅದರ ಒಡಲು ಅಂಟಿಸಿರ್ತಾರ, ಹೀಟ್ ಹಿಡದು ಬ್ಲೇಡ್ ಸೇರಿಸಿ ಬಿಡಸೂದರಾಗ ಅರ್ಧಕ್ಕರ್ಧ ಸೀಳತಾವ. ತಗದ್ರೂ ಒಳಗ ಅಂಗಿ ಗುಂಡಿ ಅಷ್ಟು ಸಣ್ಣ ಲಿಥಿಯಂ ಸೆಲ್ಲು, ಅದರ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿರ್ತಾರ, ಐರನ್ ಹಚ್ಚಿದ್ರ ಸೆಲ್ಲಿಗೆ ಬಿಸಿ ಹತ್ತಿ ಉಬ್ಬತೈತಿ. ಅದೂ ಮಾಡಿದ್ವಿ ಅಂತ ಇಟ್ಕೋರಿ, ಎರಡೂ ಕಿವಿಗೆ ಒಂದ ಥರಾ ಸೆಲ್ ಸಿಗಬೇಕು, ಹೊಳ್ಳಿ ಅಂಟಿಸಿದ ಮ್ಯಾಲ ಬೆವರು ಒಳಗ ಹೋಗಬಾರ್ದು, ನಾನು ಗ್ಯಾರಂಟಿ ಏನಂತ ಕೊಡ್ಲಿ. ಅರ್ಧ ದಿನದ ಕೆಲಸಕ್ಕ ನಾನು ಕೇಳೂ ರೊಕ್ಕದಾಗ ಹೊಸಾದ ಬರ್ತೈತಿ. ಹಂಗಾಗಿ ಆಗೂದಿಲ್ಲ ಅಂತ ಹೇಳಿ ಕಳಸ್ತೇನಿ. ಹೇಳೂವಾಗ ಮನಸ್ಸಿಗೆ ಬ್ಯಾಸರ ಆಗ್ತೈತ್ರಿ, ಯಾಕಂದ್ರ ಸ್ಪೀಕರ್ ಛಲೋ ಇರ್ತೈತಿ, ಬೋರ್ಡ್ ಛಲೋ ಇರ್ತೈತಿ, ಬ್ಲೂಟೂತ್ ಛಲೋ ಇರ್ತೈತಿ, ಸತ್ತಿದ್ದು ಆ ಸೆಲ್ಲು ಒಂದ.

ತುಂಗಾತೀರ

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಸತ್ತಿದ್ದು ಸೆಲ್ಲು ಒಂದೇ, ಆದ್ರೆ ಬಿಸಾಕೋದು ಪೂರ್ತಿ. ನನ್ನ ಸಿಟ್ಟು ಇರೋದು ಅಲ್ಲೇ.

ಲೆಕ್ಕದ ಮೇಷ್ಟ್ರು

ಆ ಸೆಲ್ಲು ಸಾಯೋದೂ ಆಕಸ್ಮಿಕ ಅಲ್ಲ. ಲಿಥಿಯಂ ಅಯಾನ್ ಸೆಲ್ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಇಳಿಯೋ ಹೊತ್ತಿಗೆ ಶಕ್ತಿ ಕುಗ್ಗಿರುತ್ತೆ. ದೊಡ್ಡ ಬ್ಯಾಟರಿ ಇರೋ ಲ್ಯಾಪ್‌ಟಾಪಿಗೆ ಅಷ್ಟು ಆಗೋಕೆ ವರ್ಷಗಳು ಬೇಕು. ಕಿವಿಯೊಳಗಿನದ್ದು 40, 50 ಮಿಲಿಆಂಪಿಯರ್ ಅವರ್ ಸೆಲ್ಲು, ಕಾಲೇಜು ಹುಡುಗರು ದಿನಕ್ಕೆ ಒಂದು ಎರಡು ಸಲ ಖಾಲಿ ಮಾಡ್ತಾರೆ, ಹಂಗಾದ್ರೆ ಒಂದೂವರೆ ವರ್ಷದೊಳಗೇ ಶಕ್ತಿ ಕುಗ್ಗಿ, ಎರಡು ಮೂರು ವರ್ಷಕ್ಕೆ ಕೈಕೊಡುತ್ತೆ ಅನ್ನೋದು ಮಾರೋ ದಿನವೇ ನಿಶ್ಚಯ ಆಗಿರುತ್ತೆ. ಸವೆಯುತ್ತೆ ಅಂತ ಗೊತ್ತಿರೋ ಒಂದೇ ಒಂದು ಭಾಗವನ್ನ ಬದಲಾಯಿಸಕ್ಕಾಗದ ಜಾಗದಲ್ಲಿ ಇಟ್ಟಿದಾರೆ ಅನ್ನೋದು ಇಲ್ಲಿರೋ ಮುಖ್ಯ ತೊಂದರೆ.

ಸುಮ್ನೆ ಕೇಳ್ತಿದೀನಿ (ಬೆಂಗಳೂರು)

ಒಂದು ಮಾತು ಇನ್ನೊಂದು ಕಡೆಯಿಂದ ಹೇಳ್ತೀನಿ, ಸಿಟ್ಟಾಗಬೇಡಿ. ಅಂಟು ಹಾಕಿರೋದಕ್ಕೇ ಅದು ಅಷ್ಟು ಸಣ್ಣಗಿರೋದು, ಬೆವರು ಮಳೆ ತಡೆಯೋದು, ಎಂಟುನೂರು ರೂಪಾಯಿಗೆ ಸಿಗೋದು. ಡೆಲಿವರಿ ಕೆಲಸ ಮಾಡೋ ಹುಡುಗ ಗಾಡಿ ಓಡಿಸ್ತಾ ಕಾಲ್ ತಗೊಳ್ಳೋಕೆ ಅದನ್ನ ಇಟ್ಕೊಂಡಿರ್ತಾನೆ. ಬಿಚ್ಚೋ ಹಂಗೆ ಮಾಡಿ ಅಂತ ಕಾನೂನು ತಂದು ರೇಟು ಎರಡು ಸಾವಿರ ಆದ್ರೆ ಅವನಿಗೆ ಕಷ್ಟ, ನಮಗಲ್ಲ. ಇನ್ನೊಂದು, ಎಲ್ಲಾದಕ್ಕೂ ಗ್ಯಾಜೆಟ್ ಮೇಲೆ ಬೆರಳು ತೋರಿಸೋ ಎಷ್ಟೋ ಅಪಾರ್ಟ್‌ಮೆಂಟ್ ಜನ ಇನ್ನೂ ಹಸಿಕಸ ಒಣಕಸ ಒಂದೇ ಕವರಲ್ಲಿ ಕಟ್ಟಿ ಕೊಡ್ತಾರೆ. ಹೈಕೋರ್ಟ್ ಎರಡು ಡಬ್ಬಿ ಒಂದು ಚೀಲ (ಹಸಿಕಸಕ್ಕೊಂದು ಡಬ್ಬಿ, ಸ್ಯಾನಿಟರಿ ಕಸಕ್ಕೊಂದು ಡಬ್ಬಿ, ಒಣಕಸಕ್ಕೆ ಚೀಲ) ಕಡ್ಡಾಯ ಅಂತ ಹೇಳಿದ್ದು 2015ರಲ್ಲಿ. ದಿನಾ ಕೈಲಿ ಆಗೋ ಕೆಲಸ ಬಿಟ್ಟು ದೂರದ ಫ್ಯಾಕ್ಟರಿ ಬಗ್ಗೆ ಮಾತಾಡೋದು ಸುಲಭ ಅಲ್ವಾ?

ಮ್ಯೂನಿಕ್ ಕನ್ನಡಿಗ

ರೇಟಿನ ಮಾತು ನಿಜವಾದ ಮಾತು, ಅದನ್ನ ತಳ್ಳಿಹಾಕಕ್ಕಾಗಲ್ಲ. ಆದ್ರೆ ಸಣ್ಣಗೆ ಮಾಡಿದ್ರೆ ಬಿಚ್ಚಕ್ಕಾಗಲ್ಲ ಅನ್ನೋದು ನಿಜ ಅಲ್ಲ. 2019ರಲ್ಲಿ ಬಂದ ಸ್ಯಾಮ್‌ಸಂಗ್‌ನ ಮೊದಲ ಗ್ಯಾಲಕ್ಸಿ ಬಡ್ಸ್‌ನಲ್ಲಿ ಸೆಲ್ಲನ್ನ ಬೆಸುಗೆ ಇಲ್ಲದೆ ಒತ್ತಿ ಕೂರಿಸಿದ್ರು, ಒಡಲು ತೆಗೆದ್ರೆ ಬದಲಾಯಿಸಬಹುದಿತ್ತು. 2024ರಲ್ಲಿ ಫೇರ್‌ಫೋನ್ ಅನ್ನೋ ಕಂಪನಿಯವರು ಫೇರ್‌ಬಡ್ಸ್ ಅಂತ ತಂದ್ರು, ಕಿವಿದೂ ಕೇಸಿಂದೂ ಎರಡೂ ಬ್ಯಾಟರಿ ಮನೇಲೇ ಬದಲಾಯಿಸಬಹುದು, ಆದ್ರೂ ಧೂಳು ನೀರಿನ ಹನಿ ತಡೆಯುತ್ತೆ. ಬೆಲೆ ಜಾಸ್ತಿ, ಒಪ್ತೀನಿ. ಅದೇ ಆ್ಯಪಲ್‌ನ ಏರ್‌ಪಾಡ್ಸ್ 2016ರ ಕೊನೆಗೆ ಬಂದಾಗ ಐಫಿಕ್ಸಿಟ್ ಅನ್ನೋ ರಿಪೇರಿ ವೆಬ್‌ಸೈಟಿನವರು ಬಿಚ್ಚಿ ನೋಡಿ ರಿಪೇರಿಗೆ ಹತ್ತಕ್ಕೆ ಸೊನ್ನೆ ಕೊಟ್ಟಿದ್ರು, ಆಮೇಲೆ ಬಂದ ಅಗ್ಗದವೆಲ್ಲ ಅದೇ ದಾರಿ ಹಿಡಿದ್ವು.

ಇಲ್ಲಿ ಯುರೋಪಲ್ಲಿ ಹೊಸ ಬ್ಯಾಟರಿ ಕಾನೂನು 2023ರಲ್ಲಿ ಬಂತು, ಅದರ ಪ್ರಕಾರ 2027ರ ಫೆಬ್ರವರಿ 18ರಿಂದ ಮಾರೋ ವಸ್ತುಗಳಲ್ಲಿ ಸಣ್ಣ ಬ್ಯಾಟರಿಗಳನ್ನ ಬಳಸೋರೇ ತೆಗೆದು ಹಾಕೋ ಹಂಗಿರ್ಬೇಕು, ಕೆಲವಕ್ಕೆ ವಿನಾಯಿತಿ ಇದೆ. ಜರ್ಮನಿಯಲ್ಲಿ ಎಲೆಕ್ಟ್ರಾನಿಕ್ಸ್ ಮಾರೋ ದೊಡ್ಡ ಸೂಪರ್ ಮಾರ್ಕೆಟ್‌ಗಳು 2022ರ ಜುಲೈಯಿಂದ 25 ಸೆಂಟಿಮೀಟರಿಗಿಂತ ಸಣ್ಣ ಹಳೇ ಉಪಕರಣಗಳನ್ನ ವಾಪಸ್ ತಗೊಳ್ಳಲೇಬೇಕು, ನೀವು ಹೊಸದೇನೂ ತಗೊಳ್ಳದೇ ಇದ್ರೂ. ತರಕಾರಿ ತರೋಕೆ ಹೋದಾಗ ಕೊಟ್ಟು ಬರಬಹುದು. ಹಂಗಂತ ಇಲ್ಲಿ ಎಲ್ಲಾ ಚೆನ್ನಾಗಿದೆ ಅಂತಲ್ಲ, ಡ್ರಾಯರ್‌ಗಳಲ್ಲಿ ಹಳೇ ಫೋನು ಇಲ್ಲೂ ತುಂಬಿವೆ. ಬ್ರಿಟನ್ನಿನಲ್ಲಿ ಒಂದು ಸಲ ಎಳೆದು ಬಿಸಾಡೋ ವೇಪ್ (ಇ-ಸಿಗರೇಟು) 2023ರ ಅಂದಾಜಲ್ಲಿ ವಾರಕ್ಕೆ 50 ಲಕ್ಷ ಕಸಕ್ಕೆ ಹೋಗ್ತಿತ್ತು, ಒಳಗೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ ಇದ್ರೂ. ಕೊನೆಗೆ 2025ರ ಜೂನ್ 1ರಿಂದ ಅದನ್ನ ಮಾರೋದೇ ನಿಲ್ಲಿಸಿದ್ರು.

ಒಣಕಸ ಸೆಂಟರ್ (ಬೆಂಗಳೂರು)

ನಾನು ವಾರ್ಡಿನ ಒಣಕಸ ಸಂಗ್ರಹ ಕೇಂದ್ರದಲ್ಲಿ ಕೆಲಸ ಮಾಡೋರ ಜೊತೆ ಇರೋನು. ಚೀಲ ಸುರಿದು ವಿಂಗಡಿಸೋ ಹೆಂಗಸರ ಕೈಗೆ ಏನು ಬರುತ್ತೆ ಅಂತ ಹೇಳ್ತೀನಿ. ಹಾಲಿನ ಕವರ್ ತೊಳೆದು ಕೊಟ್ಟಿದ್ರೆ ಅದಕ್ಕೆ ರೇಟಿದೆ. ರಟ್ಟಿಗಿದೆ, ನೀರಿನ ಬಾಟಲಿಗಿದೆ, ಕಬ್ಬಿಣಕ್ಕಿದೆ. ಚಾರ್ಜರ್ ವೈರಿಗೆ ತಾಮ್ರ ಅಂತ ಗುಜರಿಯವರು ತಗೊಳ್ತಾರೆ. ಹಳೇ ಮೊಬೈಲಿಗೆ ಕಾಂಪಿಟಿಷನ್ನೇ ಇದೆ. ಇಯರ್‌ಬಡ್ಸ್, ಫಿಟ್ನೆಸ್ ಬ್ಯಾಂಡು, ಬಟನ್ ಒತ್ತಿದ್ರೆ ಹಾಡೋ ಆಟಿಕೆ, ಇದನ್ನ ಯಾರೂ ಮುಟ್ಟಲ್ಲ. ಗುಜರಿಯವನಿಗೆ ಬೇಡ, ಯಾಕಂದ್ರೆ ಬಿಚ್ಚೋ ಕೂಲಿಗಿಂತ ಒಳಗಿರೋ ಲೋಹದ ಬೆಲೆ ಕಮ್ಮಿ. ಲೈಸೆನ್ಸ್ ಇರೋ ರೀಸೈಕ್ಲರ್‌ಗೂ ಅದೇ ಕಷ್ಟ, ಬ್ಯಾಟರಿ ಕೈಯಲ್ಲೇ ತೆಗೆದು ಆಮೇಲೆ ಮೆಷಿನ್ನಿಗೆ ಹಾಕ್ಬೇಕು, ಹಂಗೇ ಪುಡಿ ಮಾಡಿದ್ರೆ ಬೆಂಕಿ.

ಬೆಂಕಿ ಬಗ್ಗೆ ಎಲ್ರೂ ಇನ್ನೊಂದು ಚೂರು ಗಮನ ಕೊಡಿ ಅಂತ ಕೈ ಮುಗಿದು ಕೇಳ್ತೀನಿ. ಕಾಂಪ್ಯಾಕ್ಟರ್ ಲಾರಿ ಕಸಾನ ಒತ್ತಿ ಒತ್ತಿ ತುಂಬುತ್ತೆ. ಅದರೊಳಗೆ ಒಂದು ಪವರ್ ಬ್ಯಾಂಕೋ ಉಬ್ಬಿದ ಬ್ಯಾಟರಿನೋ ಸಿಕ್ಕಿಹಾಕ್ಕೊಂಡ್ರೆ ಒಳಗಿನ ಪದರ ಹರಿದು ಶಾರ್ಟ್ ಆಗುತ್ತೆ, ಸುತ್ತ ಇರೋದು ಪೇಪರು ಪ್ಲಾಸ್ಟಿಕ್ಕು. ಲಿಥಿಯಂ ಬೆಂಕಿ ನೀರು ಹಾಕಿದ ತಕ್ಷಣ ಆರೋದಲ್ಲ, ಆರಿದಂಗೆ ಕಂಡು ಮತ್ತೆ ಹತ್ಕೊಳುತ್ತೆ. ನಮ್ಮ ಕೇಂದ್ರದಲ್ಲಿ ರಟ್ಟಿನ ಮೂಟೆ ಚಾವಣಿ ತನಕ ಇರುತ್ತೆ. ಅಲ್ಲಿ ಕೆಲಸ ಮಾಡೋರು ಗ್ಲೌಸ್ ಹಾಕ್ಕೊಂಡ್ರೂ ಏನು ಉಪಯೋಗ ಹೇಳಿ. ಐವತ್ತು ಗ್ರಾಂ ಅಂತ ಯಾರು ಹೇಳಿದ್ರೋ ಅವರು ಒಂದು ಸಲ ಅಲ್ಲಿ ಬಂದು ನಿಲ್ಲಲಿ.

ಕುಡ್ಲದವಳು

ಇದು ನನಗೆ ಗೊತ್ತಿರಲಿಲ್ಲ. ಹಾಗಾದ್ರೆ ಮನೆಯಲ್ಲಿ ಅದನ್ನು ಎಂತ ಮಾಡುವುದು?

ಒಣಕಸ ಸೆಂಟರ್

ಅಕ್ಕಾ, ಒಣಕಸದ ಚೀಲಕ್ಕೆ ಮಾತ್ರ ಹಾಕ್ಬೇಡಿ. ಬಿಡಿ ಬ್ಯಾಟರಿ ಇದ್ರೆ ಎರಡು ತುದಿಗೆ ಟೇಪ್ ಹಚ್ಚಿ. ಉಬ್ಬಿದ್ದನ್ನ ಚುಚ್ಚಬೇಡಿ, ಒಣಗಿದ ಮಣ್ಣೋ ಮರಳೋ ಇರೋ ತಗಡಿನ ಡಬ್ಬೀಲಿ ಮನೆ ಹೊರಗಡೆ ನೆರಳಲ್ಲಿ ಇಡಿ. ಅಪಾರ್ಟ್‌ಮೆಂಟ್ ಆದ್ರೆ ಒಂದು ಡ್ರಮ್ ಇಟ್ಟು ಎಲ್ರದ್ದೂ ಕೂಡಿಸಿ, ಒಟ್ಟು ಆದ್ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಇರೋ ರೀಸೈಕ್ಲರ್‌ಗೆ ಫೋನ್ ಮಾಡಿ, ಸ್ವಲ್ಪ ಜಾಸ್ತಿ ಇದ್ರೆ ಬಂದು ತಗೊಂಡು ಹೋಗ್ತಾರೆ. ರಶೀದಿ ಕೇಳಿ ತಗೊಳ್ಳಿ. ಬೀದಿ ಗುಜರಿಗೆ ಬೋರ್ಡ್ ಇರೋ ಸಾಮಾನು ಕೊಟ್ರೆ ಅದು ಎಲ್ಲೋ ಒಂದು ಗಲ್ಲೀಲಿ ಆ್ಯಸಿಡ್ ಬಕೆಟ್ಟಿಗೆ ಹೋಗುತ್ತೆ, ವೈರಾದ್ರೆ ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೀತಾರೆ, ಆ ಹೊಗೆ ಕುಡಿಯೋದು ಅಲ್ಲಿನ ಮಕ್ಕಳು.

ಕೋಲಾರದ ಮಗ

ಎಲ್ರೂ ಕೊನೆ ಬಗ್ಗೆನೇ ಮಾತಾಡ್ತಿದೀರ, ಡಬ್ಬಿಗೆ ಹಾಕಿದ ಮೇಲೆ ಏನಾಗುತ್ತೆ ಅಂತ. ನಾನು ಕೆಜಿಎಫ್ ಕಡೆಯವನು, ಶುರು ಬಗ್ಗೆ ಹೇಳ್ತೀನಿ. ನಮ್ಮ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಉಳಿದಿದ್ದು ಏನು? ಸಯನೈಡ್ ಗುಡ್ಡ. ಮೂರು ಕೋಟಿ ಟನ್ನಿಗೂ ಮೇಲೆ ಪುಡಿ ಮಣ್ಣು, ಚಿನ್ನ ಕರಗಿಸೋಕೆ ಸಯನೈಡ್ ಹಾಕಿ ತೊಳೆದ ಮಣ್ಣು. ಅದರ ಮೇಲೆ ಸರಿಯಾಗಿ ಗಿಡ ಬರಲ್ಲ. ಬೇಸಿಗೆ ಗಾಳಿಗೆ ಆ ಧೂಳು ಲೈನ್ ಮನೆಗಳ ಒಳಗೆ ಬಂದು ಅನ್ನದ ತಟ್ಟೆ ಮೇಲೆ ಕೂರುತ್ತೆ. ಗಣಿ ಮುಚ್ಚಿ ಇಷ್ಟು ವರ್ಷ ಆದ್ರೂ ಗುಡ್ಡ ಅಲ್ಲೇ ಇದೆ, ಜನ ಅಲ್ಲೇ ಇದಾರೆ.

ಒಂದು ಮೊಬೈಲಲ್ಲಿ ಸುಮಾರು 30 ಮಿಲಿಗ್ರಾಂ ಚಿನ್ನ ಇರುತ್ತೆ ಅಂತಾರೆ. ಮೇಷ್ಟ್ರೇ, ನಮ್ಮ ಗುಡ್ಡದ ಲೆಕ್ಕ ಹಿಡಿದು ಇದಕ್ಕೆ ಎಷ್ಟು ಮಣ್ಣಾಗುತ್ತೆ ನೋಡಿ ಹೇಳ್ತೀರಾ?

ಲೆಕ್ಕದ ಮೇಷ್ಟ್ರು

3.3 ಕೋಟಿ ಟನ್ ಅಂತ ಹಿಡಿದ್ರೆ 800ರಿಂದ ಭಾಗಿಸಿ, ಒಂದು ಗ್ರಾಂ ಚಿನ್ನಕ್ಕೆ ಸುಮಾರು 41 ಕೇಜಿ ಸಯನೈಡ್ ಮಣ್ಣು. 30 ಮಿಲಿಗ್ರಾಂಗೆ ಒಂದೂಕಾಲು ಕೇಜಿ. ಇದು ಚಿನ್ನ ಒಂದರದ್ದು, ಅದೂ ನಿಮ್ಮ ಗಣಿ ಲೆಕ್ಕದಲ್ಲಿ. ತಾಮ್ರ, ಕೋಬಾಲ್ಟು, ಲಿಥಿಯಂ, ತವರ ಎಲ್ಲಾ ಬೇರೆ. ಕೋಬಾಲ್ಟಿನ ಬಹುಪಾಲು ಕಾಂಗೋದಿಂದ ಬರುತ್ತೆ, ಅಲ್ಲಿಯ ಗುಡ್ಡ ನಮಗೆ ಕಾಣಲ್ಲ ಅಷ್ಟೆ.

ತುಂಗಾತೀರ

ಇದನ್ನೇ ಹೇಳೋಕೆ ನಂಗೆ ಮಾತು ಸಿಗ್ತಿರ್ಲಿಲ್ಲ. ಬೂದುಗುಂಬಳದ ಸಿಪ್ಪೆ ನಮ್ಮನೆ ಕಸ ಅಂದ್ರೆ ಅದರ ಬಹುಪಾಲು ಕಸ ನಮ್ಮ ಕಣ್ಣೆದುರಿಗೇ ಇದೆ, ಬುಟ್ಟೀಲಿ. ಇಯರ್‌ಬಡ್ಸ್ ವಿಷಯದಲ್ಲಿ ಕೈಲಿರೋ 50 ಗ್ರಾಂ ಬರೀ ಉಳಿಕೆ, ಅದರ ಕಸ ಎಲ್ಲಾ ಮೊದಲೇ ಯಾರದೋ ಊರಲ್ಲಿ ಸುರಿದು ಬಂದಿರ್ತಾರೆ. ಫೋನಿಂದ ಒಟ್ಟು ಆಗೋ ಕಾರ್ಬನ್ ಹೊಗೆಯಲ್ಲಿ ಹೆಚ್ಚುಕಮ್ಮಿ ಐದರಲ್ಲಿ ನಾಲ್ಕು ಪಾಲು ಅದನ್ನ ಮಾಡುವಾಗಲೇ ಆಗಿಹೋಗಿರುತ್ತೆ, ನಾವು ಚಾರ್ಜ್ ಹಾಕೋದರಿಂದ ಅಲ್ಲ. ಹಂಗಾಗಿ ಎರಡು ವರ್ಷ ಬಾಳೋದು ಆರು ವರ್ಷ ಬಾಳಿದ್ರೆ ಅಲ್ಲೇ ಉಳಿತಾಯ. ರೀಸೈಕಲ್ ಆಮೇಲಿನ ಮಾತು. ಅದರಲ್ಲೂ ಎಲ್ಲಾ ವಾಪಸ್ ಬರಲ್ಲ, ಇಯರ್‌ಬಡ್ಸ್ ಸ್ಪೀಕರಿನ ಅಯಸ್ಕಾಂತದಲ್ಲಿ ನಿಯೋಡಿಮಿಯಂ ಇರುತ್ತೆ, ಅಂಥಾ ಅಪರೂಪದ ಲೋಹಗಳಿಗೆ ಜಗತ್ತಲ್ಲಿ ಇರೋ ಬೇಡಿಕೇಲಿ ಇ-ತ್ಯಾಜ್ಯದಿಂದ ವಾಪಸ್ ಸಿಗ್ತಿರೋದು ಶೇ. 1 ಮಾತ್ರ.

ಮತ್ತೆ "ಸುಮ್ನೆ ಕೇಳ್ತಿದೀನಿ" ಅವರು ಹೇಳಿದ ಡೆಲಿವರಿ ಹುಡುಗನ ಮಾತು ನಂಗೂ ಮುಖ್ಯ. ಅವನು ಎಂಟುನೂರು ಕೊಟ್ಟು ಎರಡು ವರ್ಷಕ್ಕೆ ಮತ್ತೆ ಎಂಟುನೂರು ಕೊಡ್ತಾನೆ, ಮತ್ತೆ ಎಂಟುನೂರು. ಹುಬ್ಬಳ್ಳಿ ಅಣ್ಣ ಹೇಳಿದ ನೆಕ್‌ಬ್ಯಾಂಡೂ ಅದೇ ರೇಟಿಗೆ ಸಿಗುತ್ತೆ, ಅದು ರಿಪೇರಿ ಆಗುತ್ತೆ. ಅಂದ್ರೆ ಬಿಚ್ಚೋ ವಸ್ತು ಅಂದ ತಕ್ಷಣ ದುಬಾರಿ ಆಗ್ಲೇಬೇಕು ಅಂತಿಲ್ಲ.

ಸುಮ್ನೆ ಕೇಳ್ತಿದೀನಿ

ನೆಕ್‌ಬ್ಯಾಂಡ್ ಮಾತು ಒಪ್ತೀನಿ, ಒಳ್ಳೇ ಉದಾಹರಣೆ. ಆದ್ರೆ ನನ್ನ ಎರಡನೇ ಪ್ರಶ್ನೆ ಹಂಗೇ ಇದೆ. ಜನ ದಿನಾ ಮಾಡಬೇಕಾದ್ದು ಮಾಡ್ತಿಲ್ಲ.

ತುಂಗಾತೀರ

ಹೌದು, ಮಾಡ್ತಿಲ್ಲ, ಮಾಡ್ಬೇಕು. ನಾನು ಹೇಳೋದು ಎರಡರ ಜವಾಬ್ದಾರಿ ಬೇರೆ ಬೇರೆ ಕಡೆ ಇದೆ ಅಂತ. ಹಸಿಕಸ ಬೇರೆ ಮಾಡೋಕೆ ನನಗೆ ಯಾರ ಅಪ್ಪಣೆನೂ ಬೇಡ, ಒಂದು ಡಬ್ಬಿ ಸಾಕು, ನಾನು ಮಾಡದೇ ಇದ್ರೆ ತಪ್ಪು ನಂದೇ. ಆದ್ರೆ ಅಂಟಿಸಿ ಮುಚ್ಚಿದ ವಸ್ತುನ ನಾನು ಎಷ್ಟೇ ಶ್ರದ್ಧೆ ಇದ್ರೂ ಏನೂ ಮಾಡಕ್ಕಾಗಲ್ಲ, ಹುಬ್ಬಳ್ಳಿ ಅಣ್ಣನಂಥ ಕೈ ಪಳಗಿದವರೇ ಆಗಲ್ಲ ಅಂತಾರೆ. ಅದು ಡ್ರಾಯಿಂಗ್ ಬೋರ್ಡಲ್ಲೇ ತೀರ್ಮಾನ ಆಗಿರೋದು. ಹಂಗಾಗಿ ನಮ್ಮಲ್ಲಿರೋ ಕಾನೂನು ಆ ಕಡೆ ಕೈ ಹಾಕ್ಬೇಕು. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್‌ನಿಂದ ಜಾರಿಗೆ ಬಂತು, 21 ವಸ್ತು ಇದ್ದ ಪಟ್ಟಿ 106ಕ್ಕೆ ಏರಿತು, ಆಟಿಕೆ ಕೂಡ ಸೇರಿದೆ, ಒಳ್ಳೇದೇ. ಆದ್ರೆ ಕಂಪನಿಗಳು ತೋರಿಸಬೇಕಾದ ರೀಸೈಕಲ್ ಸರ್ಟಿಫಿಕೇಟು ಮುಖ್ಯವಾಗಿ ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ತೂಕದ ಲೆಕ್ಕ. ಮತ್ತೆ ಅಲ್ಲೂ ತೂಕನೇ ನೋಡಿ. ಇಯರ್‌ಬಡ್ಸ್ ಅಂಥಾದ್ದಕ್ಕೆ ತೂಕದ ಲೆಕ್ಕದಲ್ಲಿ ಬೆಲೆ ಎಲ್ಲಿಂದ ಬರುತ್ತೆ, ಕಬ್ಬಿಣದ ದೊಡ್ಡ ವಸ್ತು ತಂದ್ರೆ ಟಾರ್ಗೆಟ್ ಮುಗೀತು. ರೈಟ್ ಟು ರಿಪೇರ್ (ರಿಪೇರಿ ಹಕ್ಕು) ಪೋರ್ಟಲ್ ಅಂತ ಕೇಂದ್ರ ಸರ್ಕಾರ 2022ರ ಡಿಸೆಂಬರಲ್ಲಿ ಶುರು ಮಾಡ್ತು, ಕಂಪನಿಗಳು ಅಲ್ಲಿ ಸರ್ವೀಸ್ ಸೆಂಟರ್ ಮಾಹಿತಿ, ಬಿಡಿಭಾಗದ ಮಾಹಿತಿ ಹಾಕ್ತವೆ. ಬಿಡಿಭಾಗವೇ ಇಲ್ಲದ ವಸ್ತುಗೆ ಪೋರ್ಟಲ್ ಏನು ಮಾಡುತ್ತೆ. ಬ್ಯಾಟರಿ ಬದಲಾಯಿಸೋ ಹಂಗಿರ್ಬೇಕು ಅನ್ನೋ ಒಂದೇ ಒಂದು ಸಾಲು ನಿಯಮದಲ್ಲಿ ಬಂದ್ರೆ ಸಾಕು ಅಂತ ನಂಗನ್ಸುತ್ತೆ.

ಸ್ವಚ್ಛವಾಹಿನಿ ಡ್ರೈವರ್ (ಹಾಸನ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯ್ತಿ ಸ್ವಚ್ಛವಾಹಿನಿ ಗಾಡಿ ಓಡಿಸ್ತೀನಿ, ನಮ್ಮ ಸ್ವಸಹಾಯ ಸಂಘದವರೇ ಕಸ ವಿಂಗಡಣೆನೂ ಮಾಡೋದು. ನೀವೆಲ್ಲ ಸಿಟಿ ಮಾತಾಡ್ತಿದೀರ, ಹಳ್ಳಿ ಬೇರೆ ಥರ ಇದೆ ಅದನ್ನೂ ಕೇಳಿ. ನಮ್ಮಲ್ಲಿ ಹಸಿಕಸ ಅಂತ ಗಾಡಿಗೆ ಬರೋದೇ ಇಲ್ಲ, ಸಿಪ್ಪೆ ದನಕ್ಕೆ, ಉಳಿದಿದ್ದು ತಿಪ್ಪೆಗೆ, ತಿಪ್ಪೆ ಗೊಬ್ಬರ ಗದ್ದೆಗೆ. ಅಜ್ಜಿ ಕಾಲದಿಂದ ಅದು ನಡ್ಕೊಂಡು ಬಂದಿದೆ. ನಮ್ಮ ತಲೆನೋವು ಏನಿದ್ರೂ ಗುಟ್ಕಾ ಕವರು, ಶಾಂಪೂ ಚೀಟು, ಬಟ್ಟೆ, ಆಮೇಲೆ ಈಗ ನೀವು ಹೇಳ್ತಿರೋ ಸಾಮಾನು. ಸೊಳ್ಳೆ ಬ್ಯಾಟು, ಟಾರ್ಚು, ರಿಮೋಟು, ಜಾತ್ರೇಲಿ ತಗೊಂಡ ಲೈಟಿನ ಆಟಿಕೆ, ಎಲ್‌ಇಡಿ ಬಲ್ಬು ರಾಶಿ. ಹಿಂದೆ ಸರ್ಕಾರದಿಂದ ಹೊಸ ಬೆಳಕು ಅಂತ ಬಲ್ಬ್ ಕೊಟ್ಟಿದ್ರಲ್ಲ, ಆಮೇಲೆ ಎಲ್ಲರ ಮನೇಲೂ ಎಲ್‌ಇಡಿನೇ. ಅವೆಲ್ಲ ಈಗ ಒಂದೊಂದಾಗಿ ಬರ್ತಿವೆ. ನಮ್ಮ ಘಟಕದಲ್ಲಿ ಒಂದು ಮೂಲೆ ತುಂಬಿದೆ, ತಗೊಳ್ಳೋರು ಯಾರೂ ಇಲ್ಲ. ಯಾರದ್ದೋ ಮನೇಲಿ ಟಾರ್ಚ್ ಬ್ಯಾಟರಿ ಒಲೆಗೆ ಹಾಕಿ ಸಿಡಿದಿದ್ದೂ ಉಂಟು. ತಿಪ್ಪೆಗೆ ಬಲ್ಬ್ ಸೇರಿ ಗದ್ದೇಲಿ ನಾಟಿ ಮಾಡೋರ ಕಾಲಿಗೆ ಚೂರು ಹತ್ತಿದೆ. ಸಿಟೀಲಿ ಫೋನ್ ಮಾಡಿದ್ರೆ ಬಂದು ತಗೊಂಡು ಹೋಗ್ತಾರಂತೆ, ನಮ್ಮ ಪಂಚಾಯ್ತಿಗೆ ಯಾರು ಬರ್ತಾರೆ?

ಒಣಕಸ ಸೆಂಟರ್

ಅಕ್ಕಾ, ಒಂದು ಪಂಚಾಯ್ತಿಗೆ ಅಂತ ಗಾಡಿ ಬರಲ್ಲ, ಡೀಸೆಲ್ ಖರ್ಚೂ ಹುಟ್ಟಲ್ಲ. ನಾಲ್ಕೈದು ಪಂಚಾಯ್ತಿಯವರು ತಾಲೂಕಿನಲ್ಲಿ ಒಂದು ಕಡೆ ಕೂಡಿಸಿದ್ರೆ ಮಾತಾಡಬಹುದು. ಪಿಡಿಓ ಕಡೆಯಿಂದ ತಾಲೂಕು ಪಂಚಾಯ್ತಿಗೆ ಒಂದು ಪತ್ರ ಹೋಗ್ಲಿ. ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರೀಲಿ ಅನುಮತಿ ಇರೋರ ಪಟ್ಟಿ ಸಿಗುತ್ತೆ, ಬರೆಯೋಕೆ ಬೇಕಾದ್ರೆ ನಾನು ಜೊತೆಗಿರ್ತೀನಿ.

ಕುಡ್ಲದವಳು

ತಿಪ್ಪೆಯ ಮಾತು ಕೇಳಿ ನಿಜವಾಗಿ ಮನಸ್ಸು ಕಲಕಿತು. ನಮ್ಮಲ್ಲಿ ತೊಂದರೆ ಬಂದದ್ದು ಎಲ್ಲ ಒಟ್ಟಿಗೆ ಕಟ್ಟಿ ಬಿಸಾಡಿದ್ದರಿಂದ. ಹಳ್ಳಿಯಲ್ಲಿ ಮಣ್ಣಿಗೆ ಸೇರುವ ಕಸ ಸರಿಯಾಗಿಯೇ ಇತ್ತು, ಅದರ ಒಳಗೆ ಈ ಬಲ್ಬು ಬ್ಯಾಟರಿ ಸೇರಿಕೊಂಡ ಮೇಲೆ ಒಳ್ಳೆಯ ಗೊಬ್ಬರವೂ ಹಾಳು. ಎರಡು ಸಮಸ್ಯೆ ಬೇರೆ ಬೇರೆ ಅಂತ ಇಟ್ಟು ನೋಡ್ಲಿಕ್ಕೆ ಆಗುವುದಿಲ್ಲ ಹಾಗಾದ್ರೆ.

ಬಲ್ಬ್ ರಿಪೇರಿ (ಹುಬ್ಬಳ್ಳಿ)

ಹಾಸನದ ಅಕ್ಕಾರ, ಆ ಬಲ್ಬಿನ ರಾಶಿ ಒಗೀಬ್ಯಾಡ್ರಿ. ಅರ್ಧಕ್ಕಿಂತ ಜಾಸ್ತಿ ಹೊಳ್ಳಿ ಹತ್ತತಾವ. ನಿಮ್ಮ ಸಂಘದಾಗ ಕಲಿಯೂ ಮನಸ್ಸಿರೂ ಇಬ್ಬರು ಹೆಣ್ಣುಮಕ್ಕಳು ಇದ್ರ ಸಾಕು, ಒಂದು ಮೀಟರು, ಒಂದು ಸೋಲ್ಡರಿಂಗ್ ಐರನ್ನು, ಒಂದು ಸೀರೀಸ್ ಟೆಸ್ಟ್ ಬೋರ್ಡು, ಇಷ್ಟ ಬಂಡವಾಳ. ನಾನು ವಿಡಿಯೋ ಕಾಲ್ ಮ್ಯಾಲ ಹೇಳಿಕೊಡ್ತೇನಿ, ರೊಕ್ಕ ಬ್ಯಾಡ. ಕರೆಂಟಿಗೆ ಹಚ್ಚಿದ ಬಲ್ಬ್ ಬಿಚ್ಚಿ ಮುಟ್ಟೂದಿಲ್ಲ ಅನ್ನೂದು ಮೊದಲನೇ ಪಾಠ, ಯಾಕಂದ್ರ ಒಳಗಿನ ಬೋರ್ಡಿಗೆ 230 ವೋಲ್ಟ್ ನೇರ ಬಂದಿರ್ತೈತಿ.

ಸ್ವಚ್ಛವಾಹಿನಿ ಡ್ರೈವರ್

ಅಣ್ಣಾ ನಿಜವಾಗ್ಲೂ ಹೇಳಿಕೊಡ್ತೀರಾ? ನಮ್ಮಲ್ಲಿ ಒಬ್ಬಳು ಐಟಿಐ ಎಲೆಕ್ಟ್ರಿಷಿಯನ್ ಓದಿದ್ದಾಳೆ, ಕೆಲಸ ಸಿಗದೆ ಮನೇಲಿದ್ದಾಳೆ. ಅವಳ ನಂಬರಿಂದ ಮೆಸೇಜ್ ಹಾಕಿಸ್ತೀನಿ. ರಾಶೀಲಿ ಯಾವುದು ಇಟ್ಕೊಳ್ಳೋದು ಯಾವುದು ಬೇರೆ ಮಾಡೋದು ಅದನ್ನ ಮೊದ್ಲು ಹೇಳಿ, ನಾಳೆ ವಿಂಗಡಿಸ್ತೀವಿ.

ಬಲ್ಬ್ ರಿಪೇರಿ (ಹುಬ್ಬಳ್ಳಿ)

ಖಂಡಿತ ಹೇಳಿಕೊಡ್ತೇನ್ರಿ. ಮ್ಯಾಲಿನ ಟೊಪಗಿ ಒಡೀದ ಇರೂ ಬಲ್ಬು ಒಂದು ಚೀಲ, ಒಡದದ್ದು ಬ್ಯಾರೆ ಚೀಲ, ಅದರಾಗಿಂದು ಬಿಡಿಭಾಗಕ್ಕ ಬರ್ತೈತಿ. ಸುರುಳಿ ಆಕಾರದ ಹಳೇ ಸಿಎಫ್‌ಎಲ್ ಇದ್ರ ಅದನ್ನ ಇವುಗಳ ಜೋಡಿ ಕೂಡಸಬ್ಯಾಡ್ರಿ, ಒಳಗ ಪಾದರಸ ಇರ್ತೈತಿ, ಒಡೀದಂಗ ರಟ್ಟಿನ ಡಬ್ಬ್ಯಾಗ ಇಡ್ರಿ. ಬ್ಯಾಟಿನ ಬ್ಯಾಟರಿ ಮಾತ್ರ ಎಲ್ಲಾ ತಗದು ಪ್ಲಾಸ್ಟಿಕ್ ಬುಟ್ಟ್ಯಾಗ ನೆಟ್ಟಗ ನಿಲ್ಲಿಸಿ ಇಡ್ರಿ, ಆ್ಯಸಿಡ್ ಸೋರತೈತಿ, ಸಣ್ಣ ಹುಡುಗರ ಕೈಗೆ ಸಿಗೂ ಜಾಗಾ ಬ್ಯಾಡ.